ಬುಡ ತೆಂಕಲಿಗೆ, ತುದಿ ಬಡಗಲಿಗೆ

ನಮ್ಮ ಮನೆಯ ಸಾರಿಗೆ ಉಪ್ಪು, ಹುಳಿ, ಖಾರದ ಜೊತೆ ಮರದ ಹೊಟ್ಟೂ ಬೀಳುತ್ತಿತ್ತು. ಅವ್ವ ಪಾತ್ರೆಗೆ ಎಷ್ಟು ಭದ್ರವಾಗಿ ಮುಚ್ಚಳ ಮುಚ್ಚಿದರೂ ಅದು ಹೇಗೋ ನುಸುಳಿ ಬರುತ್ತಿತ್ತು. ಮುಂದೆ ಬೇರೆಯವರ ಮನೆಗಳಲ್ಲಿ ಉಂಡಾಗೆಲ್ಲ ಸಾರಿಗೆ ಏನೋ ಕಡಿಮೆಯಾಗಿದೆ ಅನಿಸುತ್ತಿತ್ತು. ಕಡಿಮೆಯಾಗಿದ್ದದ್ದು ಇದೇ ಇರಬೇಕು. ಆದಿವಾಲದ ನಮ್ಮ ಮನೆ ಒಂದರ ಹಿಂದೆ ಒಂದು ಪೋಣಿಸಿದಂತೆ ಇತ್ತು. ಬೀದಿಗೆ ಮುಖ ಮಾಡಿ ತಗಡಿನ ಚಪ್ಪರ, ಅದರ ಹಿಂದೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ, ಆಮೇಲೆ ಹಿತ್ತಲು. ಚಪ್ಪರ ಅಜ್ಜನದು, ಅಡುಗೆಮನೆ ಅವ್ವನದು. ನಡುವಿನ ಪಡಸಾಲೆ ಯಾರದೆಂದು ಇಬ್ಬರಿಗೂ ದಿನಾ ಜಗಳ. ಅಜ್ಜ ಗಾಡಿಯ ಅಚ್ಚುಮರ ತಂದು ಪಡಸಾಲೆಯಲ್ಲಿ ಒರಗಿಸುತ್ತಿದ್ದ, ಅವ್ವ ಅದರ ಮೇಲೆ ಒದ್ದೆ ಸೀರೆ ಹರವುತ್ತಿದ್ದಳು. ಬಾಯಿಬಿಟ್ಟು ಜಗಳವಾಡಿದ್ದಕ್ಕಿಂತ ಹೀಗೆ ಆಡಿದ್ದೇ ಹೆಚ್ಚು. ಅಪ್ಪ ಇಬ್ಬರ ನಡುವೆ ನಗುತ್ತಾ ಓಡಾಡುತ್ತಿದ್ದ. ಮನೆಯಲ್ಲಿ ಮಗು ಅಂತ ಇದ್ದವಳು ನಾನೊಬ್ಬಳೇ, ಹಾಗಾಗಿ ಮೂವರ ಬೈಗುಳವೂ ಪೂರ್ತಿ ನನಗೇ ಸಿಗುತ್ತಿತ್ತು.

ಅಜ್ಜ, ಅಪ್ಪ ಇಬ್ಬರೂ ಕೆಲಸ ಮಾಡುತ್ತಿದ್ದದ್ದು ನೆಲದ ಮೇಲೆ ಕೂತು. ನಮ್ಮ ಕಡೆಯ ಬಡಗಿಗಳೆಲ್ಲ ಹಾಗೇ. ಮೂಡಲಿಗೆ ಮುಖ ಮಾಡಿ ಕೂರಬೇಕು, ಕಾಲು ಚಾಚಬೇಕು, ಮರವನ್ನು ಪಾದಗಳಿಂದ ಅದುಮಿ ಹಿಡಿಯಬೇಕು. ಎರಡೂ ಕೈ ಮರ ಕೀಸುವ ಉಜ್ಜುಗೊರಡಿಗೋ ಉಳಿಗೋ ಬಿಡುವಾಗುತ್ತವೆ. ಹುಟ್ಟಿದಾಗಿನಿಂದ ಇದೇ ಕೆಲಸ ಮಾಡಿದ ಅಜ್ಜನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ನನ್ನ ಮುಷ್ಟಿ ತೂರುವಷ್ಟು ಸಂದಿತ್ತು. ಅಪ್ಪನ ಕಾಲು ಇನ್ನೂ ಚುರುಕು. ನೆಲಕ್ಕೆ ಬಿದ್ದ ಮೊಳೆಯನ್ನು ಬಗ್ಗದೆ ಕಾಲಬೆರಳಲ್ಲೇ ಎತ್ತಿಕೊಡುತ್ತಿದ್ದ. ನಾನು ಬೆನ್ನು ಹಾಕಿ ಕೂತಿದ್ದರೆ ಹಿಂದಿನಿಂದ ಕಾಲಲ್ಲೇ ನನ್ನ ಜಡೆ ಹಿಡಿದು ಎಳೆಯುತ್ತಿದ್ದ. ನಾನು ಕಿರುಚಿಕೊಂಡರೆ ಅವನಿಗೆ ಎಲ್ಲಿಲ್ಲದ ಖುಷಿ.

ನನಗೂ ಹಾಗೆ ಕೂತು ಮರ ಕೀಸುವ ಆಸೆ. ಅಜ್ಜ ಬಿಡುತ್ತಿರಲಿಲ್ಲ. ಲಂಗ ಉಟ್ಟ ಹುಡುಗಿ ಬೀದಿಗೆ ಎದುರಾಗಿ ಕಾಲು ಚಾಚಿ ಕೂತು, ಪಾದದಲ್ಲಿ ಮರ ಮೆಟ್ಟಿ ಹಿಡಿಯುವುದು ಅವನ ಕಣ್ಣಿಗೆ ನೋಡಲಾಗದ ಮಾತು. ನನಗೆ ಒಪ್ಪಿಸಿದ್ದು ಬೈರಿಗೆಯ ಹಗ್ಗ. ತೂತು ಕೊರೆಯುವ ಆ ಕಡ್ಡಿಯ ತಲೆಗೆ ತೆಂಗಿನ ಚಿಪ್ಪಿಟ್ಟು ಅಪ್ಪ ಅದುಮಿ ಹಿಡಿಯುತ್ತಿದ್ದ, ನಾನು ಎದುರಿಗೆ ನಿಂತು ಹಗ್ಗವನ್ನು ಅತ್ತ ಇತ್ತ ಎಳೆಯುತ್ತಿದ್ದೆ. ಮಜ್ಜಿಗೆ ಕಡೆಯುವುದನ್ನು ಕಲಿಯುವ ಮೊದಲೇ ನಾನು ಹೀಗೆ ಮರ ಕಡೆಯುವುದನ್ನು ಕಲಿತೆ. ಆದರೂ ಹೊಟ್ಟೆಯುರಿ. ಹಗ್ಗ ಎಳೆಯುವವಳಿಗೂ ಬಡಗಿಗೂ ಎಷ್ಟು ದೂರ ಎಂಬುದು ಮಗುವಿಗೂ ಗೊತ್ತಾಗುತ್ತದೆ.

ಒಂದು ಬೇಸಿಗೆಯಲ್ಲಿ ಕಲ್ಲು ತುಂಬಿದ ಗಾಡಿ ಹಿಂದಕ್ಕೆ ಉರುಳಿ ಅದರ ಚಕ್ರ ಅಪ್ಪನ ಎಡಗಾಲಿನ ಮೇಲೆ ಹರಿಯಿತು. ಗಾಯ ಮಾಯಿತು, ನಡೆಯಲೂ ಬಂತು. ಬೆರಳುಗಳು ಮಾತ್ರ ಮಡಚಲಿಲ್ಲ. ಕೂತು ಮರ ಹಿಡಿದರೆ ಹಲಗೆ ಸರಕ್ಕನೆ ಜಾರಿ ಹೋಗುತ್ತಿತ್ತು, ಉಳಿ ತೊಡೆಯ ಹತ್ತಿರ ಬರುತ್ತಿತ್ತು. ಅಪ್ಪ ಎದ್ದು ಹೋಗಿ ಹಿತ್ತಲಲ್ಲಿ ಸುಮ್ಮನೆ ನಿಂತುಬಿಡುತ್ತಿದ್ದ. ನನ್ನ ಜಡೆಯನ್ನು ಯಾರೂ ಎಳೆಯದ ದಿನಗಳು ಅವು. ನಾನಂತೂ ಬೇಕೆಂದೇ ಬೆನ್ನು ಹಾಕಿ ಕೂರುತ್ತಿದ್ದೆ.

ಬಬ್ಬೂರಿನ ಕಡೆ ಸರ್ಕಾರದ ಬೇಸಾಯದ ಫಾರಂನಲ್ಲಿ ಕಾವಲುಗಾರನ ಕೆಲಸ ಖಾಲಿ ಇದೆ ಎಂದು ಯಾರೋ ಹೇಳಿದರು. ಮುಂದಿನ ತಿಂಗಳೊಳಗೆ ಬಂದರೆ ಆಯಿತಂತೆ. ಅವ್ವ ಬೇಡವೆನ್ನಲಿಲ್ಲ. ಅಜ್ಜ ಅಂದು ಬಾಚಿ ಮಸೆಯುತ್ತಾ, ತಲೆ ಎತ್ತದೆ ಹೇಳಿದ:

"ಹೋಗಪ್ಪ, ಹೋಗು. ನಂಗೇನು ಇನ್ನೊಬ್ಬ ಮಗ ಇದ್ದಾನಾ, ಮೊಮ್ಮಗ ಇದ್ದಾನಾ. ನಾನು ಹೋದ ದಿನ ಈ ಬಾಚಿ, ಉಳಿ ಎಲ್ಲಾ ನನ್ ಜೊತೆನೇ ಮಣ್ಣಿಗೆ ಹಾಕಿಬಿಡ್ರಿ."

ಅಪ್ಪ ಕಾಲು ತೋರಿಸಲು ಅಂತ ದಾವಣಗೆರೆಗೆ ಹೋದವನು ಅಲ್ಲಿ ಒಂದು ಮಿಲ್ಲಿನ ರಿಪೇರಿ ಶೆಡ್ಡಿನಲ್ಲಿ ಕೆಲಸಕ್ಕಿದ್ದ ನೆಂಟನ ಮನೆಯಲ್ಲಿ ಉಳಿದ. ವಾಪಸು ಬಂದಾಗ ಅವನ ಮುಖವೇ ಬೇರೆಯಾಗಿತ್ತು. ಚೀಲ ಕೆಳಗಿಡದೆ ಮಾತು ಶುರು ಮಾಡಿದ. ಅಲ್ಲಿ ಬಡಗಿಗಳು ನಿಂತು ಕೆಲಸ ಮಾಡುತ್ತಾರಂತೆ! ಸೊಂಟದೆತ್ತರದ ಒಂದು ದಪ್ಪ ಹಲಗೆಯ ಮಂಚ. ಅದರ ಪಕ್ಕದಲ್ಲೊಂದು, ತುದಿಯಲ್ಲೊಂದು ಮರದ ದವಡೆ. ಕೈಹಿಡಿ ತಿರುಗಿಸಿದರೆ ದವಡೆ ಮುಚ್ಚಿ ಮರವನ್ನು ಕಚ್ಚಿ ಹಿಡಿಯುತ್ತದೆ. ಅದಕ್ಕೆ ವೈಸು ಅನ್ನುತ್ತಾರೆ. ಮಂಚದ ಮುಂದಿನ ಅಂಚಿನ ಉದ್ದಕ್ಕೂ ಸಾಲಾಗಿ ತೂತುಗಳು, ತೂತಿಗೆ ಗೂಟಗಳು. ಕೀಸಬೇಕಾದ ಹಲಗೆಯ ಒಂದು ತಲೆಗೆ ಗೂಟ, ಇನ್ನೊಂದು ತಲೆಗೆ ವೈಸು. ನಡುವೆ ಸಿಕ್ಕ ಹಲಗೆ ಅಲ್ಲಾಡುವುದಿಲ್ಲ.

"ಕಾಲಿಗೆ ಕೆಲ್ಸನೇ ಇಲ್ಲ ಕಣೇ" ಎಂದು ಅವ್ವನ ಮುಂದೆ ನಿಂತು ಅಪ್ಪ ತನ್ನ ಊನದ ಕಾಲನ್ನು ನೆಲಕ್ಕೆ ಬಡಿದ. "ನಿಂತ್ಕಳಕ್ಕೆ ಒಂದು ಕಾಲು ಇದ್ರೆ ಸಾಕು, ನಂಗೆ ಒಂದೂವರೆ ಐತೆ!"

ಅಷ್ಟು ದಿನಗಳ ನಂತರ ಅವನು ನಕ್ಕದ್ದು ನೋಡಿ ಅವ್ವ ಒಳಗೆ ಹೋಗಿ ಅತ್ತಳು. ಆಮೇಲೆ ಹೊರಗೆ ಬಂದು, ಹಾಗಾದರೆ ಆ ಮಂಚ ಪಡಸಾಲೆಗೆ ಬರಕೂಡದು, ಚಪ್ಪರದಲ್ಲೇ ಇರಬೇಕು ಎಂದು ಷರತ್ತು ಹಾಕಿದಳು.

ಮಂಚದ ಕೆಲಸ ಶುರುವಾಯಿತು. ಕೆರೆ ಏರಿಯ ಹತ್ತಿರ ಗಾಳಿಗೆ ಬಿದ್ದ ಬಾಗೆ ಮರದಿಂದ ಗೇಣಗಲಕ್ಕೂ ಮೀರಿದ ಒಂದು ದಪ್ಪ ಹಲಗೆ ಕೊಯ್ಯಿಸಿ ತಂದರು. ವೈಸಿನ ಸ್ಕ್ರೂಗಳಿಗೆ ಅಪ್ಪ ಹೆದ್ದಾರಿಯ ಕಡೆ ಹೋದ. ಐಮಂಗಲದ ಹತ್ತಿರ ಕೆಟ್ಟು ನಿಲ್ಲುವ ಲಾರಿಗಳನ್ನು ರಿಪೇರಿ ಮಾಡುತ್ತಿದ್ದ ಒಬ್ಬ ಸಾಬರು ಎರಡು ಹಳೆಯ ಜಾಕಿನ ಸ್ಕ್ರೂ ಕೊಟ್ಟರು. ಬದಲಿಗೆ ಅಪ್ಪ ಅವರ ಅಂಗಡಿಗೆ ಬಾಗಿಲು ಮಾಡಿಕೊಡಬೇಕು, ಮಂಚ ಆದಮೇಲೆ. ಲಾರಿ ಎತ್ತುತ್ತಿದ್ದ ಸ್ಕ್ರೂ ನಮ್ಮ ಮನೆಯಲ್ಲಿ ಹಲಗೆ ಹಿಡಿಯಲು ಬಂತು ಎಂದು ನಾನು ಶಾಲೆಯಲ್ಲೆಲ್ಲ ಡಂಗುರ ಸಾರಿದೆ. ಎತ್ತರಕ್ಕೆ ಅಪ್ಪ ಅಳತೆಪಟ್ಟಿ ಹಿಡಿಯಲಿಲ್ಲ. ಗೋಡೆಗೆ ನೆಟ್ಟಗೆ ನಿಂತು ಕೈ ಇಳಿಬಿಟ್ಟ, ಅವ್ವ ಮಸಿಯಿಂದ ಅವನ ಮಣಿಕಟ್ಟಿನ ಹತ್ತಿರ ಗೋಡೆಗೆ ಗೀರು ಎಳೆದಳು. ಆ ಗೀರಿನೆತ್ತರಕ್ಕೆ ಕಾಲುಗಳ ಕಟ್ಟು ಸಿದ್ಧವಾಯಿತು. ಅಜ್ಜ ಇದನ್ನೆಲ್ಲ ತನ್ನ ಜಾಗದಲ್ಲಿ ಕೂತು ಓರೆಗಣ್ಣಲ್ಲಿ ನೋಡುತ್ತಾ, ಬಂದವರಿಗೆಲ್ಲ "ನಮ್ಮುಡುಗ ಮಂಚ ಮಾಡ್ತಾ ಅವ್ನೆ, ಮಲಗಕ್ಕಲ್ಲ, ನಿಂತ್ಕಳಕ್ಕೆ" ಎಂದು ಅಣಕಿಸುತ್ತಿದ್ದ.

ಗೂಟದ ತೂತುಗಳು ನೆಟ್ಟಗಿರಬಾರದು ಎನ್ನುವುದೇ ಆ ಮಂಚದ ಜೀವಾಳ. ಗೂಟದ ತಲೆ ವೈಸಿನ ಕಡೆಗೆ ಕೊಂಚ ಬಾಗಿರಬೇಕು, ವೈಸಿನ ಮೇಲೂ ಒಂದು ಗೂಟ, ಅದರ ತಲೆ ಇತ್ತ ಬಾಗಿರಬೇಕು. ತುಂಟ ಮಗುವಿನ ಎರಡು ಭುಜವನ್ನು ಇಬ್ಬರು ಬಗ್ಗಿ ಅದುಮಿದ ಹಾಗೆ, ಬಿಗಿ ಮಾಡಿದಷ್ಟೂ ಹಲಗೆ ಕೆಳಕ್ಕೆ ಕೂರುತ್ತದೆ. ಓರೆ ಹೊರಕ್ಕಾಯಿತೋ, ಬಿಗಿ ಮಾಡಿದೊಡನೆ ಹಲಗೆ ಕಪ್ಪೆಯಂತೆ ಮೇಲಕ್ಕೆ ಹಾರುತ್ತದೆ. ಓರೆ ತೂತು ನಮ್ಮ ಮನೆಗೆ ಹೊಸದಲ್ಲ. ಬಿತ್ತನೆಯ ಕೂರಿಗೆಯ ದಿಂಡಿಗೆ ಅಜ್ಜ ಹೊಡೆಯುತ್ತಿದ್ದ ತೂತುಗಳೆಲ್ಲ ಓರೆಯೇ. ಆ ಕೂರಿಗೆಯ ಕೆಲಸಕ್ಕೆಂದು ಅಜ್ಜ ಮಾಡಿಟ್ಟಿದ್ದ ಓರೆಯ ಅಚ್ಚನ್ನೇ ಅಪ್ಪ ಕೇಳದೆ ತೆಗೆದುಕೊಂಡ. ಅಜ್ಜ ಕಂಡೂ ಕಾಣದಂತೆ ಇದ್ದ. ಬೇವಿನ ಮರದ ನೆರಳಲ್ಲಿ ಹಲಗೆ ಹಾಕಿ, ಅಪ್ಪ ಚಿಪ್ಪು ಅದುಮಿ, ನಾನು ಹಗ್ಗ ಎಳೆದು ಒಂದೊಂದೇ ತೂತು ಕೊರೆದೆವು. ಕೊರೆದದ್ದನ್ನು ಅಪ್ಪ ಉಳಿಯಿಂದ ಚೌಕ ಮಾಡಿದ. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು. ಅವನ್ನು ಎಲ್ಲರಿಗೂ ತೋರಿಸಿಕೊಂಡು ಬಂದೆ.

ಹಲಗೆಯನ್ನು ಕಾಲಿನ ಕಟ್ಟಿನ ಮೇಲೆ ಕೂರಿಸಲು ಅಂದು ಬೆಳಿಗ್ಗೆ ಅಕ್ಕಪಕ್ಕದವರನ್ನು ಕರೆದಿದ್ದೆವು. ಹಲಗೆ ಎತ್ತಿ ಚಪ್ಪರಕ್ಕೆ ತಂದರು. ಅಪ್ಪ ಬೀದಿಗೆ, ಅಂದರೆ ಮೂಡಲಿಗೆ ಮುಖ ಮಾಡಿ ನಿಲ್ಲುವಂತೆ ಜಾಗ ಗೊತ್ತಾಗಿತ್ತು. ಬಲಗೈ ಕಡೆ ತುದಿಯ ವೈಸು ಬರಬೇಕು. ಆಗ ಅಜ್ಜ ಎದ್ದ. ಹಲಗೆಯ ಉದ್ದಕ್ಕೂ ಅಂಗೈ ಸವರಿದ. ಎಡತುದಿಯ ಹತ್ತಿರ ಕೈ ನಿಲ್ಲಿಸಿದ.

"ಇದು ಬುಡ" ಅಂದ. "ಬುಡ ಬಡಗಲಿಗೆ ಹಾಕ್ತೀರೇನ್ರಲೇ?"

ಮರ ಮಲಗಿದಾಗ ಅದರ ಬುಡ ತೆಂಕಲಿಗೆ, ತುದಿ ಬಡಗಲಿಗೆ ಇರಬೇಕು. ಮನುಷ್ಯ ಬಡಗಲಿಗೆ ತಲೆಯಿಟ್ಟು ಮಲಗಬಾರದು, ಮರ ಹಾಗೆಯೇ ಮಲಗಬೇಕು. ತೊಲೆ, ಹೊಸ್ತಿಲು ಯಾವುದೇ ಇರಲಿ, ನಮ್ಮವರು ಇದನ್ನು ತಪ್ಪಿದವರಲ್ಲ. ಅಪ್ಪನಿಗೂ ಗೊತ್ತಿತ್ತು. ಆದರೆ ಅವನ ಲೆಕ್ಕದಲ್ಲಿ ಮಂಚ ಒಂದು ಹತ್ಯಾರ. ಉಜ್ಜುಗೊರಡಿಗೆ ದಿಕ್ಕುಂಟೆ? ಗರಗಸದ ಹಿಡಿಗೆ ದಿಕ್ಕುಂಟೆ?

"ಇದು ಹತ್ಯಾರ ಅಪ್ಪಯ್ಯ. ಹತ್ಯಾರಕ್ಕೆ ಬುಡ ತುದಿ ಎಲ್ಲೈತೆ?"

"ನಾಕು ಕಾಲ್ ಊರಿ, ಜಾಗ ಬಿಟ್ಟು ಕದಲ್ದೆ ನಿಂತ್ಕಳದು ಹತ್ಯಾರ ಹೆಂಗಾಯ್ತಲೇ? ಅದು ಮನೆ ಲೆಕ್ಕ. ಬುಡ ಬಡಗಲಿಗೆ ಹಾಕಿದ್ ಮರದ ಮೇಲೆ ಈ ಮನೇಲಿ ಯಾರೂ ಉಳಿ ಹಿಡಿಯಂಗಿಲ್ಲ."

"ತಿರುಗಿಸಿದ್ರೆ ತೂತೆಲ್ಲ ಬೀದಿ ಕಡಿಕ್ಕೆ ಹೋಗ್ತವೆ. ಓರೆನೂ ಉಲ್ಟಾ ಆಗ್ತತೆ. ಇನ್ನೊಂದು ಅಂಚಿಗೆ ಸೀಳೈತೆ, ಮತ್ತೆ ತೂತು ಹೊಡೆದ್ರೆ ಹಲಗೆ ಎರಡಾಗ್ತತೆ."

"ಆಗ್ಲಿ ಬಿಡು."

ಹಲಗೆ ಹಿಡಿದವರು ಮುಖ ಮುಖ ನೋಡಿಕೊಂಡು, ಅದನ್ನು ನೆಲಕ್ಕಿಳಿಸಿ, ಚಹಾ ಕುಡಿದು ಹೋದರು. ಅಪ್ಪ ಹಲಗೆಯ ಪಕ್ಕ ಕುಳಿತ. ಅವನಿಗೆ ಕೋಪ ಬಂದಿದ್ದರೆ ನಾನು ಹೆದರುತ್ತಿರಲಿಲ್ಲ. ಅವನು ಮೆಲ್ಲಗೆ, "ನಾಳೆ ಬಬ್ಬೂರಿಗೆ ಹೋಗಿ ಕೆಲ್ಸಕ್ಕೆ ಬತ್ತೀನಿ ಅಂತ ಹೇಳಿ ಬರ್ತೀನಿ" ಅಂದ. ನನಗೆ ಅಜ್ಜನನ್ನು ಕಚ್ಚಿಬಿಡಬೇಕೆನಿಸಿತು. ಹೇಳಿಯೇಬಿಡುತ್ತೇನೆ, ಆ ವಯಸ್ಸಿನಲ್ಲಿ ನಾನು ಕಚ್ಚುತ್ತಿದ್ದೆ ಕೂಡ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಪಡಸಾಲೆಯಲ್ಲಿ ಕೂತೆವು. ಬಿಸಿ ಮುದ್ದೆ, ಹುರುಳಿಸಾರು. ಅವ್ವ ಸಾರಿನ ಸೌಟು ಕೆಳಗಿಟ್ಟಳು.

"ಅಲ್ರೀ, ಏನಾಗೈತೆ ಅಂತ ನಂಗೂ ತಿಳಿಯಂಗೆ ಹೇಳ್ರಿ. ತಿರುಗಿಸಿದ್ರೆ ಏನ್ ಕೆಡ್ತತೆ?"

ಅಪ್ಪ ಬಾಯಲ್ಲಿ ಹೇಳಿದ್ದು ಅವಳಿಗೆ ಹತ್ತಲಿಲ್ಲ. ಕೊನೆಗೆ ಅವನು ತನ್ನ ತಟ್ಟೆಯ ಮುದ್ದೆಯನ್ನು ಅದುಮಿ ಉದ್ದನೆ ಹಲಗೆ ಮಾಡಿದ. ಎಡತುದಿಗೆ ಒಂದು ಮೆಣಸಿನಕಾಯಿ ಚುಚ್ಚಿ, ಇದು ಬುಡ ಅಂದ. ಊಟದೆಲೆ ಹಚ್ಚುವ ಕಡ್ಡಿಗಳನ್ನು ತರಿಸಿ, ತನ್ನ ಕಡೆಯ ಅಂಚಿನಲ್ಲಿ ಸಾಲಾಗಿ, ತಲೆ ಬಲಕ್ಕೆ ವಾಲುವಂತೆ, ಆಚೆ ತೂರುವ ತನಕ ಚುಚ್ಚಿದ. ಅಜ್ಜ "ಉಣ್ಣೋ ಅನ್ನದ ಮೇಲೆ ಆಟ ಆಡ್ತಾ ಅವ್ನೆ ನೋಡು" ಎಂದು ಗೊಣಗಿದ, ಆದರೆ ಅವನ ಕೈಯಲ್ಲಿದ್ದ ತುತ್ತೂ ಬಾಯಿಗೆ ಹೋಗದೆ ನಿಂತಿತ್ತು. ಅಪ್ಪ ತಟ್ಟೆಯನ್ನು ಬೀಸುಕಲ್ಲಿನಂತೆ ಅರ್ಧ ಸುತ್ತು ತಿರುಗಿಸಿದ. ಮೆಣಸಿನಕಾಯಿ ಬಲಕ್ಕೆ ಬಂತು. ಕಡ್ಡಿಗಳು ಮಾತ್ರ ದೂರದ ಅಂಚಿಗೆ ಹೋಗಿ ಎಡಕ್ಕೆ ವಾಲಿದವು.

"ಕಂಡ್ಯಾ?" ಅಂದ.

ಅವ್ವ ಕಂಡಳು. ತಟ್ಟೆಯನ್ನು ಮತ್ತೆ ಮೊದಲಿನಂತೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ನೋಡಿದಳು.

"ನೀವು ಗಂಡಸ್ರು ಎಲ್ಲಾನೂ ಬೀಸುಕಲ್ಲು ತಿರುಗಿಸ್ದಂಗೆ ತಿರುಗಿಸ್ತೀರಿ. ರೊಟ್ಟಿ ಮಗುಚ್ದಂಗೆ ಮಗುಚಿದ್ರೆ?"

ಹೇಳಿದವಳೇ ಎಡತುದಿಯನ್ನು ಎತ್ತಿ, ಹಂಚಿನ ಮೇಲಿನ ರೊಟ್ಟಿಯಂತೆ ಮುದ್ದೆಯನ್ನು ಬಲಕ್ಕೆ ಮಗುಚಿ ಹಾಕಿದಳು. ಮೆಣಸಿನಕಾಯಿ ಬಲಕ್ಕೆ ಬಂತು. ಕಡ್ಡಿಗಳು ಅಪ್ಪನ ಕಡೆಯ ಅಂಚಿನಲ್ಲೇ ಉಳಿದವು. ಕೆಳಗೆ ತೂರಿದ್ದ ಮೊನೆಗಳು ಈಗ ಮೇಲೆ ಬಂದಿದ್ದವು, ಮತ್ತು ಅವೂ ಬಲಕ್ಕೇ ವಾಲಿದ್ದವು.

ಅಪ್ಪ ಬಗ್ಗಿ ನೋಡಿದ. ಅಜ್ಜ ತನ್ನ ಜಾಗದಿಂದ ಸರಿದು ಬಂದು ನೋಡಿದ. ನಂಬದೆ ಇನ್ನೊಮ್ಮೆ ತಾನೇ ಮಗುಚಿದ. ಮತ್ತೂ ಒಮ್ಮೆ ಮಗುಚಿದ. ಮುದ್ದೆ ಮುರಿದು ಸಾರಿಗೆ ಬಿತ್ತು, ಸಾರು ಅಜ್ಜನ ಪಂಚೆಗೆ ಹಾರಿತು. ಮೊದಲು ನಕ್ಕವಳು ನಾನು. ಆಮೇಲೆ ಅಪ್ಪ. ಅಜ್ಜ ಗಂಭೀರವಾಗಿರಲು ಬಹಳ ಕಷ್ಟಪಟ್ಟ, ಆಗಲಿಲ್ಲ. ನಕ್ಕು ನಕ್ಕು ಕೆಮ್ಮು ಬಂತು. ಅವ್ವ ಮಾತ್ರ ನಗದೆ, "ಹಾಳು ಮಾಡಿದ್ ಮುದ್ದೆ ಯಾರು ಉಣ್ತೀರಿ ಈಗ?" ಅಂದಳು. ಅಜ್ಜನೇ ಉಂಡ. ಕಡ್ಡಿ ಆರಿಸಿ ಆರಿಸಿ, ಒಂದು ಚೂರೂ ಬಿಡದೆ ಉಂಡ. ಅಜ್ಜನಿಗೆ ಮಗ ಹೋಗುವುದು ಎಷ್ಟು ಬೇಡವಾಗಿತ್ತು ಎಂಬುದು ನನಗೆ ಆಗ ತಿಳಿಯಿತು. ಕಟ್ಟಳೆ ಬಿಡಲು ಅವನಿಂದ ಆಗುತ್ತಿರಲಿಲ್ಲ, ಅಷ್ಟೇ.

ಹಲಗೆಯನ್ನು ಮಗುಚಿ ಕಟ್ಟಿನ ಮೇಲೆ ಕೂರಿಸಿದರು. ಇನ್ನೊಂದು ಪೇಚು. ಅಡಿಯಾಗಬೇಕಿದ್ದ ಮೈ ಮೇಲೆ ಬಂದಿತ್ತು, ಅದು ಇನ್ನೂ ಗರಗಸದ ಗೀರಿನಿಂದ ಒರಟಾಗಿತ್ತು. ಕೀಸಬೇಕು. ಅಪ್ಪ ಉಜ್ಜುಗೊರಡು ತರುವಷ್ಟರಲ್ಲಿ ಅಜ್ಜ ಮಂಚವನ್ನೇ ಹತ್ತಿ, ಮೇಲೆ ಕಾಲು ಚಾಚಿ ಕೂತುಬಿಟ್ಟಿದ್ದ. ನಿಂತು ಕೆಲಸ ಮಾಡುವ ಮಂಚವನ್ನು ಅವನು ಕೂತೇ ನುಣುಪು ಮಾಡಿದ. ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ತಾನು ಕೂತ ಜಾಗವನ್ನೂ ಕೀಸಿಕೊಂಡು ಬಂದ. ಬೀದಿಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದವರು ನಿಂತು, "ಏನ್ ಆಚಾರ್ರೇ, ಮೆರವಣಿಗೆ ಹೊಂಟಿರೇನು?" ಎಂದು ಕೇಳಿದರು. "ಹೂಂ ಬರ್ರಿ, ನೀವೂ ಹತ್ತಿ ಕುಂತ್ಕಳ್ರಿ, ಹೋಗಾಣ" ಅಂದ ಅಜ್ಜ. ಅವನು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಮೊದಲು ಕಂಡಿರಲಿಲ್ಲ.

ವೈಸುಗಳೂ ಕೂತವು. ಅಪ್ಪ ಸಾಬರ ಬಾಗಿಲಿನ ಮೊದಲ ಹಲಗೆಯನ್ನು ಗೂಟಕ್ಕೂ ವೈಸಿಗೂ ನಡುವೆ ಇಟ್ಟು ಕೈಹಿಡಿ ತಿರುಗಿಸಿದ. ಹಲಗೆ ಒಂದು ಸಲ ಕಿರ್ರೆಂದಿತು, ಕೆಳಕ್ಕೆ ಕೂತಿತು. ಅಜ್ಜ ಅದನ್ನು ಎರಡೂ ಕೈಯಿಂದ ಅಲ್ಲಾಡಿಸಿ ನೋಡಿದ. ಆಮೇಲೆ ಒದ್ದೂ ನೋಡಿದ. ಕದಲಲಿಲ್ಲ. ಅಪ್ಪ ಊನದ ಕಾಲನ್ನು ಹಿಂದಿಟ್ಟು, ಸೊಂಟ ಬಳುಕಿಸಿ, ಉಜ್ಜುಗೊರಡನ್ನು ಈ ತುದಿಯಿಂದ ಆ ತುದಿಗೆ ನೂಕಿದ. ಹಲಗೆಯಷ್ಟುದ್ದದ ಹೆರೆ ಸುರುಳಿ ಸುತ್ತುತ್ತಾ ಬಂದು ನನ್ನ ತಲೆಯ ಮೇಲೆ ಬಿತ್ತು. ಅವನು ಅದನ್ನು ನನ್ನ ಜಡೆಗೆ ಸಿಕ್ಕಿಸಿ, ಜಡೆ ಹಿಡಿದು ಎಳೆದ. ಈ ಸಲ ಕೈಯಿಂದ. ಬಬ್ಬೂರಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ನಾನು ಆ ಮಂಚದ ಸುತ್ತ ಬೆಕ್ಕಿನಂತೆ ಸುಳಿದಾಡುತ್ತಿದ್ದೆ. ನನಗೊಂದು ವಿಷಯ ಹೊಳೆದಿತ್ತು, ಹೇಳಲು ಧೈರ್ಯವಿರಲಿಲ್ಲ. ಈ ಮಂಚದ ಮುಂದೆ ಕಾಲು ಚಾಚಬೇಕಿಲ್ಲ. ಪಾದದಲ್ಲಿ ಮರ ಮೆಟ್ಟಬೇಕಿಲ್ಲ. ಲಂಗ ಉಟ್ಟವಳು ನೆಟ್ಟಗೆ ನಿಂತರೆ ಸಾಕು. ಆದರೆ ಮಂಚ ಅಪ್ಪನ ಮಣಿಕಟ್ಟಿನೆತ್ತರ, ನನಗೆ ಗಲ್ಲದೆತ್ತರ. ತುದಿಗಾಲಲ್ಲಿ ನಿಂತು ಗೂಟಗಳನ್ನು ಮುಟ್ಟಿ ನೋಡಿ ಬರುತ್ತಿದ್ದೆ. ನಾನೇ ಹಗ್ಗ ಎಳೆದ ತೂತುಗಳು ಅವು.

ಅಜ್ಜನ ಕಣ್ಣು ಎಲ್ಲಿರುತ್ತಿತ್ತೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಯುಧಪೂಜೆಯ ದಿನ ಹತ್ಯಾರಗಳಿಗೆಲ್ಲ ಅರಿಸಿನ ಕುಂಕುಮ ಹಚ್ಚಿದ ಮೇಲೆ ಅವನು ಸುತ್ತಿಟ್ಟ ಚಾಪೆಯ ಹಿಂದಿನಿಂದ ಒಂದು ಮಣೆ ಎಳೆದ. ಊಟಕ್ಕೆ ಕೂರುವ ಮಣೆಯಂಥದ್ದೇ, ಆದರೆ ನಾಲ್ಕು ಉದ್ದ ಕಾಲು. ಅದಕ್ಕೂ ಕುಂಕುಮ ಹಚ್ಚಿದ್ದ.

"ಲೇ ಗೌರವ್ವ, ಬಾ ಇಲ್ಲಿ. ಇದರ ಬುಡ ಎತ್ತ ಐತೆ ಹೇಳು."

ಅಂಗೈ ಸವರಿದೆ. ಏನೂ ತಿಳಿಯಲಿಲ್ಲ. ಕಣ್ಣು ಮುಚ್ಚಿ ಇನ್ನೊಮ್ಮೆ ಸವರಿದೆ. ಒಂದು ಕಡೆಗೆ ಹೋಗುವಾಗ ಮೈ ನುಣುಪು, ಹಿಂದಕ್ಕೆ ಬರುವಾಗ ತರಿ ತರಿ. ಊಹೆ ಮಾಡಿ ಒಂದು ತುದಿ ತೋರಿಸಿದೆ. ಅಜ್ಜ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

"ಹಂಗಾದ್ರೆ ಅದನ್ನ ತೆಂಕಲಿಗೆ ಹಾಕಿ ಹತ್ತು."

ಹಾಕಿ ಹತ್ತಿದೆ. ಮಂಚ ಸರಿಯಾಗಿ ನನ್ನ ಮಣಿಕಟ್ಟಿಗೆ ಬಂತು. ಅವನು ನನ್ನನ್ನು ಯಾವ ಗೋಡೆಗೂ ನಿಲ್ಲಿಸಿರಲಿಲ್ಲ, ಯಾವ ಗೀರೂ ಎಳೆದಿರಲಿಲ್ಲ. ಅಪ್ಪ ಒಂದು ತುಂಡು ಹಲಗೆ ಬಿಗಿದು ಪಕ್ಕಕ್ಕೆ ಸರಿದ. ನನ್ನ ಮೊದಲ ಹೆರೆ ಉಗುರಿನಷ್ಟು ಬಂದು ಮುರಿಯಿತು. ಅವ್ವ ಅದನ್ನು ಎತ್ತಿಕೊಂಡು ಹೋಗಿ ದೇವರ ಗೂಡಿನಲ್ಲಿಟ್ಟಳು.

ಅಲ್ಲಿಂದ ಮುಂದೆ ಪ್ರತಿ ಆಯುಧಪೂಜೆಗೂ ಅಜ್ಜ ನನ್ನನ್ನು ಆ ಮಣೆಯ ಮೇಲೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿ, ನಾನು ಬೆಳೆದಷ್ಟನ್ನು ಅದರ ಕಾಲುಗಳಿಂದ ಕೊಯ್ದು ಹಾಕುತ್ತಿದ್ದ. ಕೊಯ್ದ ತುಂಡುಗಳನ್ನು ಅವ್ವ ಒಲೆಗೆ ಹಾಕಿ ಹಬ್ಬದ ಹೋಳಿಗೆ ಬೇಯಿಸುತ್ತಿದ್ದಳು. ಹಾಗೆ ಗಿಡ್ಡವಾಗುತ್ತಾ ಗಿಡ್ಡವಾಗುತ್ತಾ, ಒಂದು ವರ್ಷ ಕೊಯ್ಯಲು ಕಾಲೇ ಉಳಿಯಲಿಲ್ಲ. ಅಜ್ಜ ಗರಗಸವನ್ನು ಕೆಳಗಿಟ್ಟು, ನನ್ನ ಕಾಲ ಕೆಳಗಿನಿಂದ ಹಲಗೆಯನ್ನು ಎಳೆದುಕೊಂಡ. ಅದನ್ನು ಚಪ್ಪರದ ತನ್ನ ಜಾಗದಲ್ಲಿ, ಬುಡ ತೆಂಕಲಿಗೆ ಮಾಡಿ ಹಾಕಿಕೊಂಡು, ಅದರ ಮೇಲೆ ಕೂತು ಕಾಲು ಚಾಚಿದ.

"ಇನ್ನು ನೆಲದ ಮ್ಯಾಲೇ ನಿಂತ್ಕ" ಅಂದ.

ನಿಂತೆ.